ಎಣ್ಣೆ ಬಂದಾಗ ಕಣ್ಣು

‘ಎಳ್’ ಮತ್ತು ‘ನೆಯ್’ ಎಂಬ ಎರಡು ಶಬ್ದಗಳು ಕೂಡಿ ‘ಎಣ್ಣೆ’ಯಾಯಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸಂಸ್ಕೃತದ ‘ತೈಲ’ವೂ ತಿಲದಿಂದಲೇ ಹುಟ್ಟಿದ್ದು. ಹೀಗೆ ಎಳ್ಳಿನ ಸ್ವಂತ ಆಸ್ತಿಯಾಗಿದ್ದ ಹೆಸರು ಕಾಲಕ್ರಮದಲ್ಲಿ ಕೊಬ್ಬರಿಗೆ, ಹರಳಿಗೆ, ಕಡಲೆಕಾಯಿಗೆ ಹಬ್ಬಿ, ಕಡೆಗೆ ಭೂಗರ್ಭದಿಂದ ಬಂದ ಸೀಮೆಎಣ್ಣೆಗೂ ಸಂದಿತು. ಶಬ್ದಕ್ಕೆ ಈ ಔದಾರ್ಯ ಭೂಷಣವೇ ಸರಿ. ಯಂತ್ರದಿಂದಲೂ ಅದೇ ಔದಾರ್ಯವನ್ನು ನಿರೀಕ್ಷಿಸಿದರೆ ಏನಾಗುತ್ತದೆಂಬುದನ್ನು ಶಿವಮೊಗ್ಗೆಯ ನಿವೃತ್ತ ಉಪಾಧ್ಯಾಯರೊಬ್ಬರು ಮಳೆಗಾಲದ ಒಂದು ರಾತ್ರಿ ಕಂಡುಕೊಂಡರು.

ಅವರ ವೃದ್ಧ ಮಾತೆಗೆ ಶ್ವಾಸಕೋಶದ ಬೇನೆ. ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ ವಿದ್ಯುದ್ಯಂತ್ರವೊಂದು ಸದಾ ಮಂಚದ ಬಳಿ ನಡೆಯುತ್ತಿರಬೇಕು. ಮಲೆನಾಡಿನ ಮಳೆಯಲ್ಲಿ ಮರ ಉರುಳಿ ತಂತಿ ಕಡಿದರೆ ವಿದ್ಯುತ್ತು ಮರಳುವುದು ಯಾವಾಗಲೋ! ಆದುದರಿಂದ ಪೆಟ್ರೋಲಿನಿಂದ ನಡೆಯುವ ಚಿಕ್ಕ ಜನರೇಟರೊಂದನ್ನು ಕೊಂಡು ಹಿತ್ತಿಲ ಚಪ್ಪರದಲ್ಲಿ ಇರಿಸಿದ್ದರು. ಅದರೊಡನೆ ಬಂದ ಪುಸ್ತಿಕೆ ಬೀರುವಿನಲ್ಲಿ ಬಹು ಜೋಪಾನವಾಗಿತ್ತು. ತೆರೆದು ಓದಿದವರು ಮಾತ್ರ ಯಾರೂ ಇರಲಿಲ್ಲ.

ಮಳೆಗಾಲದ ಆರಂಭದಲ್ಲಿ ಹಳೆಯ ಎಣ್ಣೆಯನ್ನು ಬದಲಿಸುವ ಕಾಲ ಬಂದಿತು. ಅಡಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರಕ್ಕೆಂದು ತಂದಿದ್ದ ಎಣ್ಣೆಯ ಸೀಸೆಗಳು ಮನೆಯಲ್ಲಿದ್ದವು. ಮಗ ಅವನ್ನೇ ಎತ್ತಿಕೊಂಡ.

“ಅದೂ ಪೆಟ್ರೋಲ್ ಎಂಜಿನ್, ಇದೂ ಪೆಟ್ರೋಲ್ ಎಂಜಿನ್. ಎಣ್ಣೆ ಎಣ್ಣೆಯೇ ತಾನೆ, ಅಪ್ಪಯ್ಯ?”

ಮೂವತ್ತು ವರ್ಷಗಳ ಕಾಲ ಒಂದು ಒತ್ತಕ್ಷರ ತಪ್ಪಿದರೂ ಅರ್ಧ ಅಂಕ ಕಳೆಯುತ್ತಿದ್ದ ಉಪಾಧ್ಯಾಯರು ಅಂದು ತಲೆದೂಗಿದರು.

ಯಂತ್ರ ಮೊದಲಿನಂತೆಯೇ ನಡೆಯಿತು. ಆಷಾಢ ಕಳೆಯಿತು. ಶ್ರಾವಣದ ಒಂದು ನಡುರಾತ್ರಿ ಅದರ ದನಿ ಒಡೆಯಿತು, ಒಳಗಿನಿಂದ ಟಕಟಕನೆ ಸದ್ದು ಬಂತು, ಮರುಕ್ಷಣವೇ ನಿಂತಿತು. ಹಗ್ಗ ಜಗ್ಗಿದರೆ ಅಲುಗಲಿಲ್ಲ. ಮೂಲೆಯಲ್ಲಿದ್ದ ಆಮ್ಲಜನಕದ ಸಿಲಿಂಡರ್ ಒಂದು ಅಂದಿನ ಮಟ್ಟಿಗೆ ಕಾಪಾಡಿತು. ಅದರ ಮಾಪಕದ ಮುಳ್ಳು ಇಳಿಯುವುದನ್ನೇ ನೋಡುತ್ತ ತಂದೆ ಮಗ ಇಬ್ಬರೂ ಬೆಳಗು ಮಾಡಿದರು.

ಮರುದಿನ ಬಂದ ಮೆಕ್ಯಾನಿಕ್ ಎಂಜಿನ್ ಬಿಚ್ಚಿದ. ಪಿಸ್ಟನ್ನಿನ ಕನೆಕ್ಟಿಂಗ್ ರಾಡು ತಿರುಗುವ ದಂಡಕ್ಕೆ ಕಚ್ಚಿಕೊಂಡು ಕುಳಿತಿತ್ತು. “ಎಣ್ಣೆ ಕಡಮೆಯಾದರೆ ತಾನಾಗಿಯೇ ನಿಲ್ಲುತ್ತದೆ ಎಂದಿದ್ದರಲ್ಲ, ಅಂಗಡಿಯವರು?” ಎಂದು ಉಪಾಧ್ಯಾಯರು ಕೇಳಿದರು. ಅವನೆಂದ: “ಎಣ್ಣೆ ಕಡಮೆಯಾಗಿರಲಿಲ್ಲ, ಮೇಷ್ಟ್ರೇ. ಎಣ್ಣೆಯೇ ಬೇರೆ.”

ಇಡೀ ಪ್ರಕರಣದ ಸಾರ ಆ ಮಾತಿನಲ್ಲಿದೆ. ಇಂಥ ಅನೇಕ ಯಂತ್ರಗಳಲ್ಲಿರುವ ಕಾವಲು ಸಾಧನ ಎಣ್ಣೆಯ ಮಟ್ಟವನ್ನು ಅರಿಯಬಲ್ಲುದೇ ಹೊರತು ಗುಣವನ್ನಲ್ಲ. ಗುಣವನ್ನು ಅರಿಯಬೇಕಾದವನು ಎಣ್ಣೆ ಸುರಿಯುವ ಮನುಷ್ಯ.

ಕಳೆ ಕೊಚ್ಚುವ ಆ ಯಂತ್ರ ಟೂ-ಸ್ಟ್ರೋಕ್ ಜಾತಿಯದು. ಅದರಲ್ಲಿ ಎಣ್ಣೆಗೆ ಪ್ರತ್ಯೇಕ ಕೋಶವಿಲ್ಲ. ಎಣ್ಣೆ ಪೆಟ್ರೋಲಿನಲ್ಲಿ ಬೆರೆತು, ಹೋಗುವ ದಾರಿಯಲ್ಲಿ ಲೋಹವನ್ನು ನೆನೆಸಿ, ಪೆಟ್ರೋಲಿನೊಡನೆಯೇ ಉರಿದುಹೋಗುತ್ತದೆ. ಅದು ಒಂದು ಕ್ಷಣದ ಅತಿಥಿ. ಜನರೇಟರು ಸಾಮಾನ್ಯವಾಗಿ ಫೋರ್-ಸ್ಟ್ರೋಕ್ ಜಾತಿಯದು. ಅಲ್ಲಿ ಎಣ್ಣೆ ತಳದ ಕೋಶದಲ್ಲಿ ತಿಂಗಳುಗಟ್ಟಲೆ ವಾಸಿಸುವ ಮನೆಯಾಳು. ಮಸಿಯನ್ನು ತನ್ನೊಳಗೆ ಹಿಡಿದಿಡಬೇಕು, ಕಾವನ್ನು ಸಹಿಸಬೇಕು, ಮತ್ತೆ ಮತ್ತೆ ಅದೇ ಸವೆತವನ್ನು ತಡೆಯಬೇಕು. ಅತಿಥಿಯನ್ನು ಮನೆಗೆಲಸಕ್ಕೆ ಹಚ್ಚಿದರೆ ಎಷ್ಟು ದಿನ ನಡೆದೀತು?

ಅದೂ ಹಗುರವಾದ ಕೆಲಸವಲ್ಲ. ನಮ್ಮಲ್ಲಿಯ ವಿದ್ಯುತ್ತಿಗೆ ಹೊಂದುವಂತೆ ಸಾಧಾರಣ ಜನರೇಟರಿನ ಎಂಜಿನ್ ನಿಮಿಷಕ್ಕೆ 3000 ಸಲ, ಎಂದರೆ ಕ್ಷಣಕ್ಕೆ 50 ಸಲ ಸುತ್ತುತ್ತದೆ. ತಂಪು ಮಾಡಲು ನೀರಿಲ್ಲ, ಗಾಳಿಯೇ ಗತಿ. ಅನೇಕ ಚಿಕ್ಕ ಎಂಜಿನ್ನುಗಳಲ್ಲಿ ಎಣ್ಣೆಯನ್ನು ಮೇಲೆತ್ತುವ ಪಂಪೂ ಇಲ್ಲ, ಸೋಸುವ ಫಿಲ್ಟರೂ ಇಲ್ಲ. ಸೌಟಿನಂಥ ಪುಟ್ಟ ನಾಲಗೆಯೊಂದು ಎಣ್ಣೆಯನ್ನು ಬಡಿದು ಎಲ್ಲೆಡೆಗೂ ಎರಚಬೇಕು. ಎಣ್ಣೆ ಅತಿ ಮಂದವಾದರೆ ಸಂದುಗೊಂದುಗಳಿಗೆ ಸಿಡಿಯದು. ಅತಿ ತೆಳುವಾದರೆ ಲೋಹಗಳ ನಡುವಿನ ಪೊರೆ ಹರಿಯುತ್ತದೆ. ಅಂಥ ಎಣ್ಣೆಯೂ ಇಡೀ ಎಂಜಿನ್ನಿಗೆ ಅರ್ಧ ಲೀಟರಿನ ಆಸುಪಾಸು!

ಡಬ್ಬಿಯ ಮೇಲಿನ ಅಕ್ಷರಗಳು ಮಂತ್ರಾಕ್ಷರಗಳೇನೂ ಅಲ್ಲ. ‘10ಡಬ್ಲ್ಯೂ-30’ ಎಂಬಲ್ಲಿ ‘ಡಬ್ಲ್ಯೂ’ ಎಂದರೆ ವಿಂಟರ್, ಚಳಿಗಾಲ. ಮೊದಲ ಅಂಕೆ ಚಳಿಯಲ್ಲಿ ಎಣ್ಣೆ ಹರಿಯುವ ಬಗೆಯನ್ನೂ ಎರಡನೆಯದು ಎಂಜಿನ್ ಕಾದಾಗ ಅದು ಉಳಿಸಿಕೊಳ್ಳುವ ಮಂದತೆಯನ್ನೂ ಸೂಚಿಸುತ್ತವೆ. ಜೊತೆಗಿರುವ ‘ಎಸ್‌ಜೆ’ಯಂಥ ಗುರುತು ‘ಎಸ್’ನಿಂದ ಆರಂಭವಾದರೆ ಪೆಟ್ರೋಲ್ ಎಂಜಿನ್ನಿಗೆ, ‘ಸಿ’ಯಿಂದ ಆರಂಭವಾದರೆ ಡೀಸೆಲ್ ಎಂಜಿನ್ನಿಗೆ, ಎರಡೂ ಇದ್ದರೆ ಎರಡಕ್ಕೂ. ಪುಸ್ತಿಕೆಯಲ್ಲಿರುವ ಅಂಕೆ ಅಕ್ಷರಗಳು ಡಬ್ಬಿಯ ಮೇಲಿದ್ದರೆ ಸಾಕು. ಯಾವ ಕಂಪನಿಯದೆಂಬುದು ಗೌಣ. ಹೊಸ ಯಂತ್ರದ ಎಣ್ಣೆಯನ್ನು ಮೊದಲ 20 ಗಂಟೆಗಳ ದುಡಿಮೆಯ ನಂತರವೂ, ಆಮೇಲೆ ಸುಮಾರು 100 ಗಂಟೆಗಳಿಗೆ ಅಥವಾ ಆರು ತಿಂಗಳಿಗೊಮ್ಮೆಯೂ ಬದಲಿಸಬೇಕೆಂದು ಅನೇಕ ಪುಸ್ತಿಕೆಗಳು ವಿಧಿಸುತ್ತವೆ.

ತಪ್ಪು ಎಣ್ಣೆ ಬಿದ್ದರೆ ಎದೆಗುಂದಬೇಕಿಲ್ಲ. ಯಂತ್ರವನ್ನು ಚಾಲೂ ಮಾಡದೆ ಪೂರ್ತಿ ಬಸಿದು ಸರಿಯಾದುದನ್ನು ತುಂಬಿದರೆ ಕೇಡು ತಪ್ಪುತ್ತದೆ. ಸ್ವಲ್ಪ ಹೊತ್ತು ನಡೆದಿದ್ದರೆ ಕೂಡಲೇ ನಿಲ್ಲಿಸಿ, ಬೆಚ್ಚಗಿರುವಾಗಲೇ ಬಸಿದು, ಸರಿಯಾದ ಎಣ್ಣೆಯಲ್ಲಿ ಕೆಲವು ನಿಮಿಷ ಓಡಿಸಿ, ಮತ್ತೊಮ್ಮೆ ಬದಲಿಸುವುದು ಲೇಸು. ಅರ್ಧ ಲೀಟರ್ ಎಣ್ಣೆ ವ್ಯರ್ಥವಾದೀತು, ಎಂಜಿನ್ ಉಳಿದೀತು. ಉಪಾಧ್ಯಾಯರ ಮನೆಯಲ್ಲಾದಂತೆ ತಿಂಗಳುಗಳು ಕಳೆದ ಮೇಲೆ ಈ ಉಪಾಯಕ್ಕೆ ಅವಕಾಶವಿಲ್ಲ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ ಎಂಬ ಗಾದೆ ಅವರಿಗೆ ಹೊಸದಲ್ಲ; ಎಷ್ಟೋ ಸಲ ಮಕ್ಕಳಿಂದ ವಿಸ್ತರಿಸಿ ಬರೆಯಿಸಿದ್ದರು. ಈಗ ದುರಸ್ತಾದ ಜನರೇಟರಿನ ಹಿಡಿಗೆ ಒಂದು ಚೀಟಿ ತೂಗುತ್ತದೆ. ಅದರಲ್ಲಿ ಎಣ್ಣೆಯ ಹೆಸರು, ಅಂಕೆ, ಬದಲಿಸಿದ ದಿನಾಂಕ, ಎಲ್ಲವೂ ಕೆಂಪು ಶಾಯಿಯಲ್ಲಿ, ಅವರದೇ ಅಕ್ಷರ.

ಮಂಚದ ಮೇಲಿನ ವೃದ್ಧೆಗೆ ವಿಷಯ ತಿಳಿದದ್ದು ಒಂದು ವಾರದ ಮೇಲೆ. ಮಗನನ್ನೂ ಮೊಮ್ಮಗನನ್ನೂ ನೋಡಿ ಆಕೆ ನಿಧಾನವಾಗಿ ನುಡಿದರು: “ಒಗ್ಗರಣೆಗೆ ಹರಳೆಣ್ಣೆ ಹಾಕಿದ್ದರೆ ಇಬ್ಬರೂ ಎಲೆಯ ಮುಂದಿನಿಂದ ಎದ್ದು ಹೋಗುತ್ತಿದ್ದಿರಿ. ಪಾಪ, ಅದಕ್ಕೆ ಬಾಯಿಲ್ಲ.”