ಲೈಟು ಹೋಯ್ತು ಸಾರ್, ಇನ್ನೇನೂ ಪ್ರಾಬ್ಲಂ ಇಲ್ಲ!

ಈ ಮಾತನ್ನ ಒಂದೇ ವರ್ಷದಲ್ಲಿ ನಾಲ್ಕು ಸಲ ಕೇಳಿದೀನಿ. ನಾಲ್ಕೂ ಸಲ ಅದೇ ಸರ್ವೀಸ್ ಸೆಂಟರ್, ಅದೇ ನಗು, ಅದೇ ಕೀ. ಕಾರಿನ ಡ್ಯಾಶ್‌ಬೋರ್ಡಲ್ಲಿ ಇಂಜಿನ್ ಆಕಾರದ ಹಳದಿ ದೀಪ ಬರುತ್ತೆ, ನಾನು ಕಾರು ಬಿಟ್ಟು ಬರ್ತೀನಿ, ಸಂಜೆ ಹೋದ್ರೆ ದೀಪ ಇರಲ್ಲ. ಜಾಬ್ ಕಾರ್ಡಲ್ಲಿ ಒಂದೇ ಸಾಲು, "ಲೈಟ್ ಕಂಪ್ಲೇಂಟ್, ಚೆಕ್ಡ್, ಓಕೆ." ಎರಡು ಮೂರು ವಾರ ಆರಾಮ. ಆಮೇಲೆ ಒಂದು ದಿನ ದೀಪ ಮತ್ತೆ ಹಾಜರ್!

ಐದನೇ ಸಲ ಅದು ಬಂದಿದ್ದು ಶಿರಾಡಿ ಘಾಟಿಯಲ್ಲಿ. ಧರ್ಮಸ್ಥಳದಿಂದ ವಾಪಸ್ ಬರ್ತಿದ್ವಿ, ಹಿಂದಿನ ಸೀಟಲ್ಲಿ ಅಪ್ಪ ಅಮ್ಮ. ಗುಂಡ್ಯ ದಾಟಿ ಏರು ಶುರುವಾದ ಸ್ವಲ್ಪ ಹೊತ್ತಿಗೆ ಕಾರು ಜಗ್ಗೋಕೆ ಶುರು. ಆಕ್ಸಿಲರೇಟರ್ ಒತ್ತಿದಷ್ಟೂ ಉಸಿರು ಕಟ್ಟಿದ ಹಾಗೆ ಮಾಡ್ತಿತ್ತು. ಹಿಂದೆ ಲೋಡು ಲಾರಿ ಹಾರ್ನು. ಪಕ್ಕಕ್ಕೆ ಸರಿಯೋಣ ಅಂದ್ರೆ ಜಾಗ ಇಲ್ಲ. ಈ ಸಲ ದೀಪ ಸುಮ್ಮನೆ ಉರೀತಿರ್ಲಿಲ್ಲ, ಮಿಣುಕ್ತಾ ಇತ್ತು. "ಲೈಟಿಗೆ ತಲೆ ಕೆಡಿಸ್ಕೋಬೇಡಿ ಸಾರ್" ಅಂದಿದ್ದವರ ಮಾತು ನೆನಪಿಸಿಕೊಂಡು ನಾನೂ ಓಡಿಸ್ತಾನೇ ಹೋದೆ. ನನ್ನಷ್ಟು ದಡ್ಡ ಇನ್ನೊಬ್ಬ ಇಲ್ಲ ಅಂತ ಮನೆಗೆ ಬಂದು ಓದಿದ ಮೇಲೆ ಗೊತ್ತಾಯ್ತು.

ಈ ದೀಪಕ್ಕೆ ಎರಡು ಭಾಷೆ ಇದೆ. ಸ್ಥಿರವಾಗಿ ಉರಿದ್ರೆ, "ಏನೋ ಸರಿಯಿಲ್ಲ, ಬೇಗ ತೋರಿಸು" ಅಂತ. ಮಿಣುಕಿದ್ರೆ, "ಸಿಲಿಂಡರಲ್ಲಿ ಪೆಟ್ರೋಲು ಸರಿಯಾಗಿ ಉರೀತಿಲ್ಲ, ಹೀಗೇ ಓಡಿಸಿದ್ರೆ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟು ಹೋಗುತ್ತೆ, ಲೋಡ್ ತೆಗಿ, ನಿಲ್ಲಿಸು" ಅಂತ. ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿಗೆ ಹೋಗಿ ಕನ್ವರ್ಟರ್ ಒಳಗೆ ಉರಿಯುತ್ತೆ. ಅದರೊಳಗಿರೋದು ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪ ಇರೋ ಜೇನುಗೂಡಿನಂಥ ಇಟ್ಟಿಗೆ. ಆ ಬಿಸಿಗೆ ಅದು ಕರಗಬಹುದು ಕೂಡ.

ಈಗ ನನ್ನ ತಕರಾರಿಗೆ ಬರ್ತೀನಿ. ದೀಪ ಆರಿಸೋದು ರಿಪೇರಿ ಅಲ್ಲ ಸ್ವಾಮೀ, ಅದು ಸಾಕ್ಷಿ ನಾಶ!

ಉತ್ಪ್ರೇಕ್ಷೆ ಅಲ್ಲ. ದೀಪ ಬಂದಾಗ ಇಂಜಿನ್ ಕಂಪ್ಯೂಟರ್ ಒಂದು ಕೋಡ್ ಬರೆದಿಡುತ್ತೆ. ಉದಾಹರಣೆಗೆ ಪಿ0303, ಅಂದ್ರೆ ಮೂರನೇ ಸಿಲಿಂಡರಲ್ಲಿ ಮಿಸ್‌ಫೈರ್. ಜೊತೆಗೆ ಆ ಕ್ಷಣದ ಒಂದು ಫೋಟೋ ತೆಗೆದಿಡುತ್ತೆ. ಫ್ರೀಜ್ ಫ್ರೇಮ್ ಅಂತಾರೆ. ಇಂಜಿನ್ ಎಷ್ಟು ಸುತ್ತು ತಿರುಗ್ತಿತ್ತು, ಎಷ್ಟು ಲೋಡ್, ಎಷ್ಟು ಬಿಸಿ, ಎಷ್ಟು ವೇಗ, ಎಲ್ಲಾ ಅದರಲ್ಲಿರುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಕ್ರ್ಯಾಶ್ ಡಂಪ್. "ಕ್ಲಿಯರ್" ಗುಂಡಿ ಒತ್ತಿದ್ರೆ ಕೋಡೂ ಹೋಯ್ತು, ಫೋಟೋನೂ ಹೋಯ್ತು, ಕಾರು ತನ್ನನ್ನೇ ತಾನು ಪರೀಕ್ಷೆ ಮಾಡಿಕೊಂಡ ಫಲಿತಾಂಶಗಳೂ ಶೂನ್ಯಕ್ಕೆ ಬಂದ್ವು. ಉಳಿದಿದ್ದು ಕಾಯಿಲೆ ಮಾತ್ರ.

ಮತ್ತೆ ಎರಡು ಮೂರು ವಾರ ಯಾಕೆ ಆರಾಮ? ಸಾಕಷ್ಟು ದೋಷಗಳಿಗೆ ಒಂದೇ ಸಲಕ್ಕೆ ದೀಪ ಬರಲ್ಲ. ಮೊದಲ ಓಡಾಟದಲ್ಲಿ ಕಂಡಿದ್ದನ್ನ ಕಂಪ್ಯೂಟರ್ ಅನುಮಾನ ಅಂತ ಬರೆದುಕೊಳ್ಳುತ್ತೆ, ಮುಂದಿನ ಓಡಾಟದಲ್ಲೂ ಕಂಡ್ರೆ ಆಗ ದೀಪ. ಅದೂ ಆ ದೋಷ ಕಾಣೋ ಪರಿಸ್ಥಿತಿ ಮತ್ತೆ ಬರಬೇಕು. ನನ್ನ ಕಾರಿಗೆ ಮಿಸ್‌ಫೈರ್ ಆಗ್ತಿದ್ದಿದ್ದು ಇಂಜಿನ್ ಮೇಲೆ ಭಾರ ಬಿದ್ದಾಗ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಫಸ್ಟ್ ಗೇರಲ್ಲಿ ತೆವಳೋವಾಗ ಇಂಜಿನ್ನಿಗೆ ಎಲ್ಲಿಂದ ಬರಬೇಕು ಭಾರ? ಸರ್ವೀಸ್ ಸೆಂಟರಿನವರು ಗೇಟಿಂದ ಗೇಟಿಗೆ ಒಂದು ರೌಂಡ್ ಹೊಡೆದು "ಓಕೆ" ಬರೆದ್ರು. ನಾವು ಆಫೀಸಲ್ಲಿ "ನಮ್ಮ ಮಷೀನಲ್ಲಿ ಬರ್ತಿಲ್ಲ" ಅಂತ ಬಗ್ ಮುಚ್ಚೋ ಥರ. ಆ ಪಾಪ ನಾನೂ ಮಾಡಿದೀನಿ, ಒಪ್ಕೋತೀನಿ :-)

ಕೊನೆಗೆ ಇದನ್ನ ಹಿಡಿದಿದ್ದು ಮನೆ ಹತ್ತಿರದ ಪುಟ್ಟ ಗ್ಯಾರೇಜಿನವರು. ಸ್ಕ್ಯಾನರ್ ಚುಚ್ಚಿದ್ರು, ಪಿ0303 ಅಂತ ಒಂದು ಚೀಟಿಯಲ್ಲಿ ಬರೆದುಕೊಂಡ್ರು. ಮೂರನೇ ಸಿಲಿಂಡರಿನ ಇಗ್ನಿಷನ್ ಕಾಯಿಲ್ ತೆಗೆದು ಎರಡನೇದಕ್ಕೆ ಹಾಕಿದ್ರು, ಎರಡನೇದನ್ನ ಮೂರಕ್ಕೆ. ಆಮೇಲೆ ನೈಸ್ ರೋಡಲ್ಲಿ ಭಾರ ಬೀಳೋ ಹಾಗೆ ಓಡಿಸಿದ್ರು. ದೀಪ ಮಿಣುಕಿತು, ಈ ಸಲ ಕೋಡ್ ಪಿ0302. ಅಂದ್ರೆ ದೋಷ ಕಾಯಿಲ್ ಜೊತೆಗೇ ಸಿಲಿಂಡರ್ ಬದಲಾಯಿಸ್ತು. ಕಳ್ಳ ಸಿಕ್ಕ! ಹೊಸ ಕಾಯಿಲ್, ಎರಡು ಸಾವಿರದ ಚಿಲ್ಲರೆ ರೂಪಾಯಿ. ಇಡೀ ತನಿಖೆಗೆ ಒಂದು ಮಧ್ಯಾಹ್ನ.

ಕತೆ ಇಲ್ಲಿಗೆ ಮುಗಿದಿದ್ರೆ ನಾನು ಇಷ್ಟು ಉದ್ದ ಬರೀತಿರ್ಲಿಲ್ಲ. ಹದಿನೈದು ದಿನ ಬಿಟ್ಟು ಬೇರೆ ಕೋಡ್ ಬಂತು, ಪಿ0420. ಕ್ಯಾಟಲಿಟಿಕ್ ಕನ್ವರ್ಟರಿನ ಶಕ್ತಿ ಮಿತಿಗಿಂತ ಕಡಿಮೆ ಅಂತ ಅರ್ಥ. ಸೈಲೆನ್ಸರ್ ಪೈಪಲ್ಲಿ ಲೀಕ್ ಇದ್ರೂ ಈ ಕೋಡ್ ಬರಬಹುದು, ಹಾಗಾಗಿ ಅದನ್ನೂ ನೋಡಿಸಿದೆ. ಲೀಕ್ ಇರ್ಲಿಲ್ಲ. ಕನ್ವರ್ಟರ್ ಹಿಂದಿನ ಆಕ್ಸಿಜನ್ ಸೆನ್ಸರ್ ಹೆಚ್ಚುಕಮ್ಮಿ ಸ್ಥಿರವಾಗಿ ಇರಬೇಕು, ಅದು ಮುಂದಿನ ಸೆನ್ಸರಿನ ಹಾಗೇ ಕುಣೀತಿತ್ತು. ಕನ್ವರ್ಟರ್ ಹೋಗಿದೆ. ಎಸ್ಟಿಮೇಟ್ 38 ಸಾವಿರ.

ಹೊಟ್ಟೆ ಉರಿಯೋದು ಇಲ್ಲಿ. ಮೊದಲ ಎರಡು ಸಲ ದೀಪ ಬಂದಾಗ ಕಾರು ಇನ್ನೂ ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿತ್ತು. ಅವತ್ತೇ ಕೋಡ್ ಬರೆದಿಟ್ಟಿದ್ರೆ ಕಾಯಿಲ್ ಫ್ರೀ, ಕನ್ವರ್ಟರ್ ಕ್ಷೇಮ. ಈಗ ಹೋಗಿ ಕೇಳಿದ್ರೆ "ಆವಾಗ ಯಾವ ಕೋಡ್ ಇತ್ತು ಅಂತ ನಿಮ್ಮ ಹತ್ರ ಪ್ರೂಫ್ ಇದ್ಯಾ ಸಾರ್?" ಅಂತಾರೆ. ಅಳಿಸಿದ್ದು ಅವರು, ಪ್ರೂಫ್ ಕೊಡಬೇಕಾಗಿರೋದು ನಾನು. ಹೇಗಿದೆ ನ್ಯಾಯ?

"ಎಷ್ಟೋ ಸಲ ಸುಳ್ಳು ಅಲಾರಂ ಇರುತ್ತೆ" ಅನ್ನೋರಿದ್ದಾರೆ. ಇರಬಹುದು. ಒಂದು ಸೆನ್ಸರ್ ಕನೆಕ್ಟರಿಗೆ ನೀರು ಹೋಗಿ ದೀಪ ಬಂದು, ಒಣಗಿದ ಮೇಲೆ ದೋಷ ಮಾಯ ಆಗಬಹುದು. ಆದ್ರೆ ಅದಕ್ಕೆ ವ್ಯವಸ್ಥೆಯಲ್ಲೇ ಉತ್ತರ ಇದೆ. ಸಾಮಾನ್ಯವಾಗಿ ಸತತ ಮೂರು ಓಡಾಟದಲ್ಲಿ ದೋಷ ಕಾಣದಿದ್ರೆ ದೀಪ ತಾನಾಗೇ ಆರುತ್ತೆ. ಇನ್ನು ಒಂದೇ ದೀಪ ಐದು ಸಲ ಬಂದ್ರೆ ಅದನ್ನ ಸುಳ್ಳು ಅಲಾರಂ ಅನ್ನೋಕೆ ಯಾವ ಮುಖ?

ಇದರ ಉಲ್ಟಾ ರೋಗಾನೂ ಇದೆ. ಕೋಡ್ ಓದ್ತಾರೆ, ಅದರಲ್ಲಿ ಯಾವ ಪಾರ್ಟಿನ ಹೆಸರಿದೆಯೋ ಅದನ್ನೇ ಬದಲಾಯಿಸಿಬಿಡ್ತಾರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಕೋಡ್ ಹೇಳೋದು ಲಕ್ಷಣ ಮಾತ್ರ. ಕಾರಣ ಹುಡುಕೋದು ಮನುಷ್ಯನ ಕೆಲಸ, ಮತ್ತೆ ಲೇಬರ್ ಚಾರ್ಜ್ ಅಂತ ನಾವು ಕೊಡೋದು ಅದಕ್ಕೇ.

ಕಾರು ಕಂಪನಿಗಳನ್ನೂ ಬಿಡೋ ಹಾಗಿಲ್ಲ. 2014ರ ಆಗಸ್ಟಲ್ಲಿ ನಮ್ಮ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿಗೂ ಹೆಚ್ಚು ದಂಡ ಹಾಕಿತ್ತು. ಬಿಡಿಭಾಗ, ಡಯಾಗ್ನಾಸ್ಟಿಕ್ ಉಪಕರಣ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಾರೆ ಅಂತ. ಅದು ಮೇಲ್ಮನವಿ, ಕೋರ್ಟು ಅಂತ ಅಲೆದಾಡ್ತು. 2022ರ ಡಿಸೆಂಬರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿಗೆ ಅಂತ ಒಂದು ಪೋರ್ಟಲ್ ಮಾಡಿತು, ವಾಹನಗಳೂ ಅದರಲ್ಲಿವೆ. ಇಷ್ಟಾದ್ರೂ ಡ್ಯಾಶ್‌ಬೋರ್ಡ್ ಮೇಲೆ ಹತ್ತಿಂಚಿನ ಸ್ಕ್ರೀನ್ ಇಟ್ಟು ಹಾಡಿನ ಹೆಸರು, ಹವಾಮಾನ ತೋರಿಸೋರಿಗೆ "ಮೂರನೇ ಸಿಲಿಂಡರ್ ಮಿಸ್‌ಫೈರ್" ಅಂತ ತೋರಿಸೋಕೆ ಏನು ಕಷ್ಟ? ಜಾಗ ಇಲ್ವಾ, ಮನಸ್ಸಿಲ್ವಾ?

ಹಾಗಂತ ನಾವೇನು ಸಾಚಾನಾ? ಈ ಕೋಡುಗಳನ್ನ ಓದೋ ದಾರಿ ಮುಚ್ಚಿಲ್ಲ. ಅಮೆರಿಕದಲ್ಲಿ 1996ರಿಂದ ಎಲ್ಲಾ ಹೊಸ ಕಾರುಗಳಿಗೆ ಒಂದೇ ಥರದ 16 ಪಿನ್ನಿನ ಸಾಕೆಟ್ ಕಡ್ಡಾಯ ಆಯ್ತು. ನಮ್ಮಲ್ಲಿ ಬಿಎಸ್4 ಜೊತೆ 2010ರಲ್ಲಿ ಮೊದಲ ಹಂತ, 2013ರಲ್ಲಿ ಎರಡನೇ ಹಂತದ ಓಬಿಡಿ ಬಂತು. ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿ, ಅಲ್ಲೇ ಇರುತ್ತೆ. ಸಾವಿರ ರೂಪಾಯಿ ಆಸುಪಾಸಲ್ಲಿ ಬ್ಲೂಟೂತ್ ಅಡಾಪ್ಟರ್ ಸಿಗುತ್ತೆ, ಫೋನಲ್ಲೇ ಕೋಡ್ ಕಾಣುತ್ತೆ. ನಾನು ನಾಲ್ಕು ಸಲ ಕಾರು ಬಿಟ್ಟು ಬಂದಾಗಲೂ ಕೇಳಿದ್ದು ಒಂದೇ ಪ್ರಶ್ನೆ, "ಲೈಟ್ ಹೋಯ್ತಾ?" ಕೇಳಿದ್ದಕ್ಕೆ ಸರಿಯಾಗಿ ಸರ್ವೀಸ್ ಕೊಟ್ರು ಅಷ್ಟೇ. ಸಂಜೆಯೊಳಗೆ ಇಪ್ಪತ್ತು ಕಾರು ಸಾಗಹಾಕಬೇಕಾದ ಅಡ್ವೈಸರ್, ನಾನು ಕೇಳದೇ ಇರೋ ಪ್ರಶ್ನೆಗೆ ಯಾಕೆ ಉತ್ತರ ಹುಡುಕ್ತಾನೆ?

ಅದಕ್ಕೇ ಈಗ ನಾನು ಮೂರು ಷರತ್ತು ಹಾಕ್ಕೊಂಡಿದೀನಿ. ಒಂದು, ಕಾರು ಬಿಡೋಕೆ ಮುಂಚೆ ನಾನೇ ಕೋಡ್ ಓದಿ, ಫ್ರೀಜ್ ಫ್ರೇಮ್ ಸಮೇತ ಸ್ಕ್ರೀನ್‌ಶಾಟ್ ತೆಗೀತೀನಿ. ಎರಡು, ಆ ಕೋಡನ್ನ ಜಾಬ್ ಕಾರ್ಡಲ್ಲಿ ಬರೆಯೋವರೆಗೂ ಕೀ ಕೊಡಲ್ಲ. ಮೂರು, ಕಾರಣ ಏನು ಸಿಕ್ತು, ಏನು ಬದಲಾಯಿಸಿದ್ರಿ ಅಂತ ಹೇಳದೇ ಕ್ಲಿಯರ್ ಮಾಡೋ ಹಾಗಿಲ್ಲ. ಹಳೇ ಕಾರು ಕೊಳ್ಳೋರಿಗೆ ಇನ್ನೊಂದು ಮಾತು. ಅಡಾಪ್ಟರ್ ಚುಚ್ಚಿದಾಗ ಕಾರಿನ ಸ್ವಯಂ ಪರೀಕ್ಷೆಗಳೆಲ್ಲ "ಇನ್ನೂ ಮುಗಿದಿಲ್ಲ" ಅಂತ ತೋರಿಸಿದ್ರೆ, ಇತ್ತೀಚೆಗೆ ಯಾರೋ ಏನೋ ಅಳಿಸಿರಬಹುದು. ಬ್ಯಾಟರಿ ಬಿಚ್ಚಿದ್ರೂ ಹಾಗಾಗುತ್ತೆ, ಆದ್ರೆ ಕೇಳೋದರಲ್ಲಿ ತಪ್ಪಿಲ್ಲ.

38 ಸಾವಿರ ಹೋಗ್ಲಿ ಬಿಡಿ, ದುಡಿದ್ರೆ ಬರುತ್ತೆ. ಆ ತಿರುವಲ್ಲಿ, ಹಿಂದಿನ ಲಾರಿಯ ಬೆಳಕು ಕನ್ನಡಿ ತುಂಬಿದಾಗ, ಅಮ್ಮ ಮೆಲ್ಲಗೆ "ಏನಾಯ್ತೋ?" ಅಂದಿದ್ರು. "ಏನಿಲ್ಲಮ್ಮಾ, ಬರೀ ಲೈಟು" ಅಂದಿದ್ದೆ. ನನಗೆ ಯಾರೋ ನಾಲ್ಕು ಸಲ ಹೇಳಿದ ಸುಳ್ಳನ್ನ ನಾನು ಐದನೇ ಸಲ ಅಮ್ಮನಿಗೆ ಹೇಳಿದ್ದೆ.

ನಿಮ್ಮ ಕಾರಲ್ಲೂ ಆ ಹಳದಿ ದೀಪ ಉರೀತಾ ಇದ್ರೆ, ಈ ಪೋಸ್ಟ್ ಮುಚ್ಚಿ ಮೊದಲು ಹೋಗಿ ಕೋಡ್ ಬರೆದಿಟ್ಟುಕೊಳ್ಳಿ. ಬೈಯೋದಿದ್ರೆ ಆಮೇಲೆ ಬಂದು ಬೈಯಿರಿ.