ಮನೆಯಂಗಳದ ಕೊಳಕ್ಕೆ ತೂಬು ಯಾವುದು?

ಹೊಸ ಮನೆ ಕಟ್ಟಿಸುವ ಅನುಕೂಲಸ್ಥ ಕುಟುಂಬಗಳಲ್ಲಿ ಹೂದೋಟದ ನಡುವೆ ಪುಟ್ಟದೊಂದು ಕೊಳ ಮಾಡಿಸಿ, ಕೆಂಪು, ಬಿಳುಪು, ಹೊಂಬಣ್ಣದ ಕೋಯಿ ಮೀನುಗಳನ್ನು ಸಾಕುವ ರೂಢಿ ಈಚೆಗೆ ಬೆಳೆದಿದೆ. ಗೃಹಪ್ರವೇಶಕ್ಕೆಂದು ಕರೆದ ಸದ್ಭಕ್ತರು ನಮ್ಮನ್ನು ಆ ಕೊಳದ ಬಳಿಗೂ ಕರೆದೊಯ್ಯುತ್ತಾರೆ. ಕೊಳವು ಈಶಾನ್ಯಕ್ಕಿರಬೇಕೋ ಉತ್ತರಕ್ಕಿರಬೇಕೋ, ಮೀನುಗಳ ಸಂಖ್ಯೆ ಬೆಸವಾಗಿರಬೇಕೋ ಸಮವಾಗಿರಬೇಕೋ ಎಂದು ಕೇಳುತ್ತಾರೆ. ದಿಕ್ಕು ಮುಹೂರ್ತಗಳ ಗೊಡವೆಯನ್ನೇ ತೊರೆದ ಶರಣರ ಮಕ್ಕಳು ಈ ಪ್ರಶ್ನೆಗಳಲ್ಲಿ ಸಿಲುಕುವುದು ನಮಗೆ ಅಷ್ಟೇನೂ ಹಿತವೆನಿಸದು. ಅದಿರಲಿ. ಕೊಳದ ನೀರು ಹೊರಗೆ ಹೋಗುವುದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಇದುವರೆಗೆ ಯಾರೂ ನಮ್ಮಲ್ಲಿ ಕೇಳಿಲ್ಲ. ಮೀನುಗಳ ಪ್ರಾಣವಿರುವುದು ಆ ಪ್ರಶ್ನೆಯಲ್ಲಿ.

ನಮ್ಮ ಹಿರಿಯರು ಕೆರೆ ಕಟ್ಟುವಾಗ ಏರಿಯ ಬಗ್ಗೆ ಎಷ್ಟು ಯೋಚಿಸುತ್ತಿದ್ದರೋ ತೂಬು ಮತ್ತು ಕೋಡಿಯ ಬಗ್ಗೆಯೂ ಅಷ್ಟೇ ಯೋಚಿಸುತ್ತಿದ್ದರು. ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿದ ಸಿದ್ಧರಾಮರ ಪರಂಪರೆ ನಮ್ಮದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನಾಲೆಗಳಿಗೆ ಸಿದ್ಧನ ಹೆಸರೂ ಬಸವನ ಹೆಸರೂ ಇರುವುದನ್ನು ಆ ಸೀಮೆಯ ರೈತರು ಬಲ್ಲರು. ಹಳೆಯ ಕೆರೆಗಳೊಳಗೆ ನಿಂತಿರುವ ಜೋಡಿ ಕಲ್ಲುಕಂಬಗಳನ್ನು ಓದುಗರು ನೋಡಿರಬಹುದು. ಆ ಕಂಬಗಳ ನಡುವೆ ಇಳಿಬಿಟ್ಟ ಗಳುವಿನ ತುದಿಯ ಬಿರಡೆಯು ತಳದ ಕಲ್ಲಿನ ತೂತನ್ನು ಮುಚ್ಚುತ್ತಿತ್ತು. ನೀರುಗಂಟಿಯು ಅದನ್ನು ಎತ್ತಿದಾಗ ಗದ್ದೆಗೆ ನೀರು. ಹೂಳಿನಲ್ಲಿ ಸಿಕ್ಕಿ ನಿಲ್ಲುವಂಥ ಸೂಕ್ಷ್ಮ ಭಾಗವೇ ಅದರಲ್ಲಿರಲಿಲ್ಲ. ಮನೆಯ ಕೊಳಕ್ಕೆ ವಾಲ್ವ್ ಆರಿಸುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮೊದಲ ಸಂಗತಿ ಇದೇ: ಕೊಳದ ತಳದಿಂದ ಬರುವುದು ಕುಡಿಯುವ ನಲ್ಲಿಯ ನೀರಲ್ಲ, ಹೂಳು ತುಂಬಿದ ನೀರು.

ಕೋಯಿ ಎಂಬುದು ಜಪಾನಿನ ನೀಗಾಟ ಪ್ರಾಂತದ ಗುಡ್ಡಗಾಡಿನ ಬತ್ತದ ರೈತರು ಹತ್ತೊಂಬತ್ತನೆಯ ಶತಮಾನದಲ್ಲಿ ಸಾಮಾನ್ಯ ಕಾರ್ಪ್ ಮೀನಿನಿಂದ ಆರಿಸಿ ಆರಿಸಿ ಬೆಳೆಸಿದ ಬಣ್ಣದ ತಳಿ. 1914ರಲ್ಲಿ ಟೋಕಿಯೋ ನಗರದ ಪ್ರದರ್ಶನದಲ್ಲಿ ಕಾಣಿಸಿಕೊಂಡ ಮೇಲೆ ಅದು ಲೋಕದ ಕಣ್ಣಿಗೆ ಬಿತ್ತು. ಮನೆಯ ಗಾಜಿನ ತೊಟ್ಟಿಯ ಪುಟ್ಟ ಮೀನಿನಂತಲ್ಲ ಇದು. ಎರಡಡಿ ಉದ್ದಕ್ಕೆ ಬೆಳೆಯಬಲ್ಲದು, ಹತ್ತಾರು ವರುಷ ಬದುಕಬಲ್ಲದು. ಕಾರ್ಪ್ ಜಾತಿಯ ಮೀನಿಗೆ ಜಠರವೆಂಬುದಿಲ್ಲ. ಆಹಾರವು ನೇರವಾಗಿ ಕರುಳಿಗೇ ಹೋಗುವುದರಿಂದ ಅದು ದಿನವಿಡೀ ಮೇಯುತ್ತಲೂ ದಿನವಿಡೀ ವಿಸರ್ಜಿಸುತ್ತಲೂ ಇರುತ್ತದೆ. ಮಲವು ತಳಕ್ಕಿಳಿದು ಕೊಳೆಯುತ್ತದೆ. ಕಿವಿರಿನಿಂದ ಹೊರಬೀಳುವ ಅಮೋನಿಯಾ ನೀರಿನಲ್ಲಿ ಬೆರೆಯುತ್ತದೆ, ತಳದ ಕೊಳೆಯೂ ಅದನ್ನು ಹೆಚ್ಚಿಸುತ್ತದೆ. ಮೇಲೆ ನೀರು ತಿಳಿಯಾಗಿ ಕಂಡರೂ ಒಳಗೆ ಮೀನಿನ ಕಿವಿರು ಸುಡುತ್ತಿರಬಹುದು. ಆದುದರಿಂದಲೇ ಬಲ್ಲವರು ಕೊಳದ ತಳವನ್ನು ನಡುವಿಗೆ ಇಳಿಜಾರು ಮಾಡಿ, ಅಲ್ಲಿ ಬಾಟಮ್ ಡ್ರೇನ್ ಎಂಬ ದೊಡ್ಡ ಬಾಯಿಯನ್ನಿಟ್ಟು, ನಾಲ್ಕಂಗುಲದ, ಅಂದರೆ ನಮ್ಮ ಅಂಗಡಿಗಳ 110 ಮಿಲಿಮೀಟರಿನ ಪಿವಿಸಿ ಕೊಳವೆಯನ್ನು ಹೂಳುತ್ತಾರೆ.

ನಮಗೆ ಪರಿಚಯವಿರುವ ಒಂದು ಮನೆಯಲ್ಲಿ ಹತ್ತಡಿ ಉದ್ದ, ಆರಡಿ ಅಗಲ, ನಾಲ್ಕಡಿ ಆಳದ ಕೊಳವಿತ್ತು. ಸುಮಾರು 6,800 ಲೀಟರ್ ನೀರು. ಅಂಚಿಗೆ ಹೊಳಪಿನ ಗ್ರಾನೈಟು, ನಡುವೆ ಕಾರಂಜಿ. ತಳದಲ್ಲಿ ಒಂದಂಗುಲದ ಕೊಳವೆ, ಅದಕ್ಕೆ ಹಿತ್ತಾಳೆಯ ಗೇಟ್ ವಾಲ್ವ್, ಅದರ ಮೇಲೆ ನೆಲಹಾಸು! ವಾಲ್ವ್ ಎಲ್ಲಿದೆಯೆಂಬುದು ಕಟ್ಟಿದ ಮೇಸ್ತ್ರಿಗಲ್ಲದೆ ಮನೆಯವರಿಗೆ ಗೊತ್ತಿರಲಿಲ್ಲ. ಮೊದಲ ಬೇಸಗೆಯಲ್ಲಿ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ನಿಲ್ಲತೊಡಗಿದವು. ತಳದ ಕೊಳೆ ತೆಗೆಯಲು ದಾರಿಯೇ ಇರಲಿಲ್ಲ. ಒಂದೊಂದಾಗಿ ಎಲ್ಲವೂ ಸತ್ತವು. ಮನೆಯ ಮಗು ಹೆಸರಿಟ್ಟು ಕರೆಯುತ್ತಿದ್ದ ಮೀನುಗಳವು. ಅನ್ನ ಹಾಕಿ ಸಾಕಿದ ಜೀವಿಯು ನಮ್ಮ ಅಜ್ಞಾನದಿಂದ ಉಸಿರುಕಟ್ಟಿ ಸಾಯುವುದನ್ನು ವಿಧಿಯೆಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಈಗ ವಾಲ್ವ್‌ಗಳ ವಿಚಾರಕ್ಕೆ ಬರೋಣ. ಮೊದಲು ಯಾವ ಕೊಳವೆಯಲ್ಲಿ ಯಾವ ಕೆಲಸವೆಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಕೊಳದ ತಳದಿಂದ ಫಿಲ್ಟರಿನ ತೊಟ್ಟಿಗೆ ಹೋಗುವ ಕೊಳವೆಯ ವಾಲ್ವ್ ಸದಾ ತೆರೆದೇ ಇರುತ್ತದೆ, ತೊಟ್ಟಿಯನ್ನು ತೊಳೆಯುವಾಗ ಮಾತ್ರ ಮುಚ್ಚುತ್ತದೆ. ಕೊಳೆಯನ್ನು ಹೊರಗೆ ಬಿಡುವ ಕೊಳವೆಯ ವಾಲ್ವ್ ಸದಾ ಮುಚ್ಚಿರುತ್ತದೆ, ದಿನಕ್ಕೋ ಎರಡು ದಿನಕ್ಕೋ ಒಮ್ಮೆ ತೆರೆಯುತ್ತದೆ. ಪಂಪಿನಿಂದ ಶುದ್ಧವಾದ ನೀರು ಕೊಳಕ್ಕೆ ಮರಳುವ ಕೊಳವೆಯದು ಮೂರನೆಯ ಬಗೆ. ಈ ಮೂರಕ್ಕೂ ಒಂದೇ ಬಗೆಯ ವಾಲ್ವ್ ತಂದು ಜೋಡಿಸುವುದು, ಅಡುಗೆಮನೆಯ ಈಳಿಗೆಯಿಂದಲೇ ಹೊಲದ ಕಬ್ಬನ್ನೂ ಕಡಿಯ ಹೊರಟಂತೆ.

ರೈತಕುಟುಂಬಗಳಿಗೆ ಬಾಲ್ ವಾಲ್ವ್ ಚಿರಪರಿಚಿತ. ಹನಿ ನೀರಾವರಿಯ ಕೊಳವೆಗಳಲ್ಲಿ ಅದೇ ಇದೆ. ತೂತುಳ್ಳ ಗುಂಡೊಂದು ಒಳಗೆ ಕುಳಿತಿದ್ದು, ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ನೀರು ಬರುತ್ತದೆ, ನಿಲ್ಲುತ್ತದೆ. ಪಂಪಿನ ಒತ್ತಡವನ್ನೂ ತಾಳುತ್ತದೆ. ಶುದ್ಧ ನೀರು ಮರಳುವ ಕೊಳವೆಗೆ ಇದಕ್ಕಿಂತ ಒಳ್ಳೆಯದು ಬೇಡ. ಆದರೆ ಎರಡೂ ಕಡೆ ಯೂನಿಯನ್ ಇರುವುದನ್ನೇ ಕೊಳ್ಳಬೇಕು. ಕೆಟ್ಟಾಗ ಕೈಯಿಂದ ತಿರುಗಿಸಿ ಬಿಚ್ಚಬಹುದು. ಅಂಟು ಹಾಕಿ ಬಿಗಿದ ವಾಲ್ವ್ ಕೆಟ್ಟರೆ ಕೊಳವೆಯನ್ನೇ ಗರಗಸದಿಂದ ಕತ್ತರಿಸಬೇಕಾಗುತ್ತದೆ. ತಳದ ಕೊಳವೆಗೆ ಮಾತ್ರ ಇದು ಹೊಂದುವುದಿಲ್ಲ. ಮರಳಿನ ಕಣಗಳು ಗುಂಡಿನ ಸುತ್ತಲ ಮೆತ್ತೆಯನ್ನು ಗೀರುತ್ತವೆ. ಗುಂಡಿನ ಹಿಂದಣ ಸಂದಿನಲ್ಲಿ ಕೊಳೆ ಸೇರುತ್ತದೆ. ತಿಂಗಳುಗಟ್ಟಲೆ ತಿರುಗಿಸದೆ ಬಿಟ್ಟ ನಾಲ್ಕಂಗುಲದ ಬಾಲ್ ವಾಲ್ವ್ ಹಿಡಿಯನ್ನು ಮುರಿಸಿಕೊಂಡೀತೇ ಹೊರತು ತಿರುಗದು.

ಅಂಗಡಿಯವರು ಇನ್ನೊಂದು ಸಲಹೆ ಕೊಡುತ್ತಾರೆ: ನಾಲ್ಕಂಗುಲದ ವಾಲ್ವ್ ದುಬಾರಿ, ಕೊಳವೆಯನ್ನು ಎರಡಂಗುಲಕ್ಕೆ ಇಳಿಸಿ ಸಣ್ಣ ವಾಲ್ವ್ ಹಾಕಿರಿ ಎಂದು. ಇದನ್ನು ಖಂಡಿತ ಕೇಳಬಾರದು. ವ್ಯಾಸ ಅರ್ಧವಾದರೆ ನೀರಿನ ದಾರಿ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಮೂರಂಗುಲಕ್ಕೆ ಇಳಿಸಿದರೂ ಉಳಿಯುವುದು ಹದಿನಾರರಲ್ಲಿ ಒಂಬತ್ತು ಪಾಲು. ತಳದ ಕೊಳವೆಯಲ್ಲಿ ನೀರನ್ನು ನೂಕುವ ಪಂಪಿಲ್ಲ. ಮಟ್ಟದ ವ್ಯತ್ಯಾಸವೊಂದರಿಂದಲೇ ಅದು ಹರಿಯಬೇಕು, ಎಲೆ ಕಸಗಳನ್ನೂ ಒಯ್ಯಬೇಕು.

ಹಾಗಾದರೆ ತಳಕ್ಕೆ ಹೊಂದುವುದು ಯಾವುದು? ಸ್ಲೈಡ್ ವಾಲ್ವ್ ಅಥವಾ ನೈಫ್ ವಾಲ್ವ್ ಎಂದು ಕರೆಯುವ, ತೆಳುಹಲಗೆಯೊಂದು ಅಡ್ಡಲಾಗಿ ಸರಿದು ದಾರಿಯನ್ನು ಮುಚ್ಚುವ ವಾಲ್ವ್. ಎಳೆದಾಗ ಹಲಗೆ ಪೂರ್ತಿ ಹೊರಗೆ ಸರಿಯುವುದರಿಂದ ಕೊಳವೆಯ ಇಡೀ ಬಾಯಿ ತೆರೆಯುತ್ತದೆ. ದೇಹ ಪಿವಿಸಿಯದು, ಹಲಗೆ ತುಕ್ಕು ಹಿಡಿಯದ ಉಕ್ಕಿನದಾಗಿದ್ದರೆ ಉತ್ತಮ. ಇದು ಕಡಿಮೆ ಒತ್ತಡಕ್ಕೆಂದೇ ಮಾಡಿದ ವಸ್ತು, ಪಂಪಿನ ಮುಂದೆ ಹಾಕಿದರೆ ಸೋರುತ್ತದೆ. ಕೊಳದ ಒತ್ತಡವಾದರೂ ಎಷ್ಟು? ನೀರಿನ ಒತ್ತಡವು ಆಳದಿಂದ ಬರುತ್ತದೆ, ಅಗಲದಿಂದಲ್ಲ. ನಾಲ್ಕಡಿ ಆಳದಲ್ಲಿ ನಾಲ್ಕಂಗುಲದ ಹಲಗೆಯ ಮೇಲೆ ಬೀಳುವ ಭಾರ ಹತ್ತು ಕಿಲೋಗ್ರಾಮಿನ ಆಸುಪಾಸು. ಕೊಳವು ಹತ್ತಡಿಯದಾಗಲಿ ನೂರಡಿಯದಾಗಲಿ, ಆಳ ಅಷ್ಟೇ ಇದ್ದರೆ ಭಾರವೂ ಅಷ್ಟೇ. ಊರಿನ ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯಲ್ಲಿ ಇಂಥದು ಸಿಗದಿದ್ದರೆ ಕೊಳದ ಸಲಕರಣೆ ಮಾರುವವರಲ್ಲಿ ವಿಚಾರಿಸಬೇಕು.

ಇದಕ್ಕೂ ಒಂದು ದೋಷವುಂಟು. ಹಲಗೆ ಕೂರುವ ಗಾಡಿಯಲ್ಲಿ ಒಂದು ಹರಳು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಹಿಡಿ ಮೇಲ್ಮುಖವಾಗಿರುವಂತೆ ಜೋಡಿಸಿದರೆ ಎಳೆಯಲು ಸುಲಭ, ಆದರೆ ಗಾಡಿಯ ತಳದಲ್ಲಿ ಹರಳು ಕೂರುವ ಸಂಭವ ಉಳಿಯುತ್ತದೆ. ಹನಿಹನಿಯಾಗಿ ಸೋರಿದರೆ ದಿನಕ್ಕೆ ನಾಲ್ಕಾರು ಲೀಟರ್ ಹೋದೀತು, ಚಿಂತೆಯಿಲ್ಲ. ಬೆರಳು ಗಾತ್ರದ ಧಾರೆಯಾದರೆ ಬೆಳಗಾಗುವಷ್ಟರಲ್ಲಿ ಕೊಳ ಬರಿದಾಗಿ ಮೀನುಗಳು ಬರಿನೆಲದ ಮೇಲೆ ಬಿದ್ದಿರುತ್ತವೆ. ಆದಕಾರಣ ಕೊಳೆ ಬಿಡುವ ಕೊಳವೆಗೆ ಒಂದೇ ಕದವನ್ನು ನಂಬಬಾರದು. ವಾಲ್ವಿನಾಚೆ ಚಿಕ್ಕದೊಂದು ಗುಂಡಿ ಮಾಡಿ, ಅಲ್ಲಿ ಬರುವ ಕೊಳವೆಯ ಬಾಯಿಗೆ ಕೊಳದ ನೀರಿನ ಮಟ್ಟಕ್ಕಿಂತ ಗೇಣುದ್ದ ಎತ್ತರವಾದ ತುಂಡು ಕೊಳವೆಯನ್ನು ಅಂಟು ಹಾಕದೆ ಬಿಗಿಯಾಗಿ ನೆಟ್ಟಗೆ ಸಿಕ್ಕಿಸಿಡಬೇಕು. ವಾಲ್ವ್ ಕೈಕೊಟ್ಟರೂ ನೀರು ಈ ತುಂಡಿನೊಳಗೆ ಕೊಳದ ಮಟ್ಟದವರೆಗೆ ಏರಿ ನಿಲ್ಲುತ್ತದೆ, ಹೊರಗೆ ಹರಿಯದು. ಕೊಳೆ ಬಿಡಬೇಕಾದಾಗ ಅದನ್ನು ಕಿತ್ತರಾಯಿತು. ಚಲಿಸುವ ಭಾಗವೇ ಇಲ್ಲದ ಈ ಉಪಾಯವನ್ನು ಕಂಡಾಗಲೆಲ್ಲ ನಮಗೆ ಕೆರೆಯ ಬಿರಡೆಯೇ ನೆನಪಾಗುತ್ತದೆ. ಹಣದ ಅಡಚಣೆಯಿರುವವರು ಸ್ಲೈಡ್ ವಾಲ್ವನ್ನು ಬಿಟ್ಟು ಇದೊಂದನ್ನೇ ಮಾಡಿಕೊಂಡರೂ ಕೊಳ ನಡೆಯುತ್ತದೆ.

ಚಕ್ರವಿರುವ ಹಿತ್ತಾಳೆಯ ಗೇಟ್ ವಾಲ್ವನ್ನು ಕೊಳದ ಹತ್ತಿರವೂ ತರಬೇಡಿರಿ. ಹತ್ತಾರು ಸುತ್ತು ತಿರುಗಿಸಬೇಕಾದ ಅದರ ಬೆಣೆ ಕೊಳೆಯಲ್ಲಿ ಕೂರುವುದಿಲ್ಲ ಎಂಬುದೊಂದು ಕಾರಣ. ಹಿತ್ತಾಳೆಯಲ್ಲಿ ತಾಮ್ರವೂ ಸತುವೂ ಇವೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಪೂಜೆಯ ತಾಮ್ರದ ತಂಬಿಗೆ ನಮಗೆ ಪ್ರಿಯವಾದರೂ ನೀರಿನಲ್ಲಿ ಕರಗಿದ ತಾಮ್ರ ಮೀನಿನ ಕಿವಿರಿಗೆ ವಿಷ. ಮೆದುನೀರಿನಲ್ಲಿ ಅದರ ಉಪದ್ರವ ಇನ್ನೂ ಹೆಚ್ಚು. ಬಟರ್‌ಫ್ಲೈ ವಾಲ್ವಿನ ಬಿಲ್ಲೆ ತೆರೆದಾಗಲೂ ಹರಿವಿನ ನಡುವೆಯೇ ನಿಲ್ಲುವುದರಿಂದ ಪಾಚಿಯ ಎಳೆಗಳು ಅದಕ್ಕೆ ಜೋತುಬೀಳುತ್ತವೆ, ತಳಕ್ಕೆ ಅದೂ ಬೇಡ. ವಿದ್ಯುತ್ತು ಹೋದಾಗ ಮೇಲಿನ ಫಿಲ್ಟರಿನ ನೀರು ಹಿಂದಕ್ಕೆ ಇಳಿಯದಂತೆ ಪಂಪಿನ ಮೇಲೆ ಒಂದು ಚೆಕ್ ವಾಲ್ವ್ ಇರಲಿ. ಬೋರ್‌ವೆಲ್ ಇರುವ ಮನೆಗಳಿಗೆ ಅದನ್ನು ನಾವು ವಿವರಿಸಬೇಕಾಗಿಲ್ಲ.

ಕೊಳದ ಕೋಡಿಗೆ, ಎಂದರೆ ಹೆಚ್ಚಾದ ನೀರು ತಾನಾಗಿ ಹೋಗುವ ಮೇಲಂಚಿನ ಕೊಳವೆಗೆ, ಯಾವ ವಾಲ್ವೂ ಇರಕೂಡದು. ಅಲ್ಲಿಗೂ ವಾಲ್ವ್ ಹಾಕಿಸಿದ ಒಬ್ಬರ ಮನೆಯಲ್ಲಿ ಮುಂಗಾರಿನ ರಾತ್ರಿ ಮೀನುಗಳು ಹೂಪಾತಿಗೆ ತೇಲಿ ಬಂದವು. ಅದನ್ನು ಬಲೆಯಿಂದ ಮುಚ್ಚಿದರೆ ಸಾಕು.

ವಾಲ್ವ್‌ಗಳನ್ನು ಮಣ್ಣಿನಲ್ಲಿ ಹೂಳಬಾರದು. ಇಟ್ಟಿಗೆಯ ಗುಂಡಿ ಕಟ್ಟಿ, ಹೆಂಗಸರೂ ವಯಸ್ಸಾದವರೂ ಎತ್ತಬಲ್ಲ ಹಗುರವಾದ ಮುಚ್ಚಳವಿಟ್ಟು, ಒಳಗೆ ಎರಡು ಕೈಗಳೂ ಸ್ಪಾನರೂ ಆಡುವಷ್ಟು ಜಾಗ ಬಿಡಬೇಕು. ಗುಂಡಿಯ ತಳದಲ್ಲಿ ನೀರು ಇಂಗಲು ಜಲ್ಲಿ ಹಾಕಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮುಚ್ಚಳಕ್ಕೆ ಬೀಗವಿರಲಿ, ತಳದ ಬಾಯಿಯನ್ನು ಎಂದಿಗೂ ನೇರವಾಗಿ ಪಂಪಿಗೆ ಜೋಡಿಸದಿರಲಿ. ಪಂಪಿನ ಸೆಳೆತಕ್ಕೆ ಕೂದಲೋ ಕೈಯೋ ಸಿಕ್ಕಿದರೆ ಬಿಡಿಸುವುದು ಕಷ್ಟ. ಕೊಳಕ್ಕೆ ನೀರು ತುಂಬುವ ಮುನ್ನ ಕೊಳವೆಗಳಿಗೆ ನೀರು ಕಟ್ಟಿ ಒಂದು ಹಗಲು ಒಂದು ರಾತ್ರಿ ಬಿಟ್ಟು, ಸೋರಿಕೆಯಿಲ್ಲವೆಂದು ಕಣ್ಣಾರೆ ನೋಡಿದ ಮೇಲೆಯೇ ಕಾಂಕ್ರೀಟು ಹಾಕಿಸಬೇಕು. ಕೊಳವೆ ಮಾರ್ಗದ ನಕ್ಷೆಯನ್ನು ಕಾಗದದ ಮೇಲೆ ಬರೆಯಿಸಿ ಮನೆಯ ಪತ್ರಗಳ ಜೊತೆಗಿಟ್ಟುಕೊಳ್ಳಿರಿ. ಮೇಸ್ತ್ರಿ ನಾಳೆ ಯಾವ ಊರಿನಲ್ಲಿರುವನೋ!

ಬಳಕೆಯಲ್ಲಿ ವಾರಕ್ಕೊಮ್ಮೆಯಾದರೂ ಪ್ರತಿಯೊಂದು ವಾಲ್ವನ್ನು ತೆರೆದು ಮುಚ್ಚಬೇಕು, ಕೆಲಸವಿರಲಿ ಇಲ್ಲದಿರಲಿ. ಕೊಳೆ ಬಿಡುವಾಗ ಮೆಲ್ಲಗೆ ತೆರೆಯದೆ ಒಮ್ಮೆಗೇ ತೆರೆದರೆ ನೀರಿನ ರಭಸಕ್ಕೆ ಕೊಳವೆಯೊಳಗೆ ಕುಳಿತ ಹೂಳೂ ಕಿತ್ತು ಬರುತ್ತದೆ. ನೀರು ಮೊದಲು ಕಪ್ಪಗೆ ಬಂದು ಅನಂತರ ತಿಳಿಯಾದ ಕೂಡಲೇ ಮುಚ್ಚಬೇಕು. ವಾರದಲ್ಲಿ ಹತ್ತನೆಯ ಒಂದು ಪಾಲು ಹೊರಗೆ ಬಿಟ್ಟರೆ ಮೇಲೆ ಹೇಳಿದ ಅಳತೆಯ ಕೊಳಕ್ಕೆ 680 ಲೀಟರ್ ಆಯಿತು. ನೀರಿನ ಬರವಿರುವ ಊರುಗಳಲ್ಲಿ ಇದನ್ನು ಚರಂಡಿಗೆ ಬಿಡುವುದು ಸಲ್ಲದು. ಗುಂಡಿಯಿಂದ ಕಾಲುವೆ ತೆಗೆದು ಬಾಳೆಯ ಬುಡಕ್ಕೋ ತೆಂಗಿನ ಪಾತಿಗೋ ಹರಿಸಿದರೆ ಅದಕ್ಕಿಂತ ಒಳ್ಳೆಯ ಗೊಬ್ಬರದ ನೀರು ಗಿಡಕ್ಕೆ ಸಿಗದು. ಹೊರಗೆ ಹೋದ ನೀರಿಗೆ ಬದಲಾಗಿ ನಗರಸಭೆಯ ನಲ್ಲಿಯ ನೀರನ್ನು ನೇರವಾಗಿ ತುಂಬದೆ, ಅದರ ಕ್ಲೋರಿನ್ ಹೋಗುವಂತೆ ಬೇರೆ ತೊಟ್ಟಿಯಲ್ಲಿ ಒಂದು ದಿನ ಬಯಲಿಗಿಟ್ಟು ಕಲಕಿ ಆಮೇಲೆ ಬಿಡಬೇಕು. ಆ ತೊಟ್ಟಿಯಿಂದ ಕೊಳಕ್ಕೆ ಬರುವ ಕೊಳವೆಗೆ ಅರ್ಧ ಅಂಗುಲದ ಪ್ಲಾಸ್ಟಿಕ್ ಬಾಲ್ ವಾಲ್ವ್ ಸಾಕು.