ವಿದೇಶಕ್ಕೆ ಒಡವೆ ಮಾರಾಟ: ಹಣ ಖಾತೆಗೆ ಬಂದರೆ ವ್ಯಾಪಾರ ಮುಗಿಯಿತೇ?

ಚಿನ್ನಕ್ಕೆ ಎಲ್ಲ ದೇಶದಲ್ಲೂ ಬೆಲೆ ಇದೆ, ಹಾಗಾಗಿ ಒಡವೆಯನ್ನು ಎಲ್ಲಿಗೆ ಬೇಕಾದರೂ ಮಾರಬಹುದು ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕ. ಇನ್‌ಸ್ಟಾಗ್ರಾಂನಲ್ಲಿ ಒಂದು ಪುಟ, ಹಣ ಪಡೆಯಲು ಒಂದು ಪೇಮೆಂಟ್ ಲಿಂಕ್, ಕಳಿಸಲು ಒಂದು ಕೊರಿಯರ್ ಇದ್ದರೆ ಸಾಕು ಎನಿಸುತ್ತದೆ. ಬೀದರಿನ ಬಿದರಿ ಪದಕ, ಚನ್ನಪಟ್ಟಣದ ಅರಗಿನ ಬಣ್ಣದ ಮಣಿಸರ, ಬೆಂಗಳೂರಿನ ಬೆಳ್ಳಿ ಜುಮುಕಿ, ಇವಕ್ಕೆಲ್ಲ ಹೊರದೇಶದಲ್ಲಿ ಕೊಳ್ಳುವವರು ಸಿಗಬಹುದು. ಆದರೆ ಚಿಕ್ಕ ಪೊಟ್ಟಣದಲ್ಲಿ ದೊಡ್ಡ ಮೊತ್ತ ಅಡಗಿರುವ ಸರಕು ಇದು. ಅದಕ್ಕೇ ಕಸ್ಟಮ್ಸ್, ಬ್ಯಾಂಕು, ವಿಮೆ ಕಂಪನಿ ಮತ್ತು ವಂಚಕರು, ನಾಲ್ವರ ಕಣ್ಣೂ ಇದರ ಮೇಲಿರುತ್ತದೆ. ಈ ವ್ಯಾಪಾರದ ಸುತ್ತ ಇರುವ ಕೆಲವು ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ನೋಡೋಣ.

"ಒಂದೆರಡು ಪೀಸ್ ಕಳಿಸಲು ಯಾವ ಪರವಾನಗಿ?"

ಮಾರಾಟಕ್ಕಾಗಿ ಕಳಿಸುವ ಒಂದೇ ಜೊತೆ ಓಲೆಯೂ ರಫ್ತೇ. ಅದಕ್ಕೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಕೊಡುವ ಆಮದು-ರಫ್ತು ಸಂಕೇತ, ಅಂದರೆ ಐಇಸಿ ಬೇಕು. ಇದು ಪ್ಯಾನ್‌ಗೆ ಜೋಡಣೆಯಾಗಿರುತ್ತದೆ, ಆನ್‌ಲೈನಿನಲ್ಲೇ ಪಡೆಯಬಹುದು. ಜಿಎಸ್‌ಟಿಯಲ್ಲಿ ರಫ್ತು ಶೂನ್ಯ ದರದ ಪೂರೈಕೆ. ತೆರಿಗೆ ಕಟ್ಟದೆ ಕಳಿಸಬೇಕಾದರೆ ಮೊದಲೇ ಮುಚ್ಚಳಿಕೆ ಪತ್ರ ಸಲ್ಲಿಸಿರಬೇಕು.

ಸರಕಿನ ಜೊತೆ ಹೋಗುವ ಕಾಗದಗಳಲ್ಲಿ ಮುಖ್ಯವಾದದ್ದು ಶಿಪ್ಪಿಂಗ್ ಬಿಲ್. ಅಂಚೆಯಲ್ಲಾದರೆ ಅಂಚೆ ರಫ್ತು ಬಿಲ್. ಕೊರಿಯರ್ ಮೂಲಕ ಆನ್‌ಲೈನ್ ಒಡವೆ ರಫ್ತಿಗೆ 2022ರಲ್ಲಿ ಕಸ್ಟಮ್ಸ್ ಇಲಾಖೆ ಸರಳ ವಿಧಾನವೊಂದನ್ನು ತಂದಿತು. ಇನ್ನು ಸಾಮಾನ್ಯ ಅಂಚೆ ಲಕೋಟೆಯಲ್ಲಿ ಉಂಗುರ ಹಾಕಿ ಕಳಿಸುವ ಯೋಚನೆ ಬೇಡ. ವಿಮೆ ಮಾಡಿಸದ ಅಂತರರಾಷ್ಟ್ರೀಯ ಟಪಾಲಿನಲ್ಲಿ ಚಿನ್ನ, ಬೆಳ್ಳಿ, ಹರಳು, ಒಡವೆ ಇಡುವುದನ್ನು ವಿಶ್ವ ಅಂಚೆ ನಿಯಮಗಳೇ ನಿಷೇಧಿಸುತ್ತವೆ.

"916 ಮುದ್ರೆ ಇದ್ದರೆ ಎಲ್ಲ ಕಡೆ ನಡೆಯುತ್ತದೆ"

ನಮ್ಮಲ್ಲಿ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾದದ್ದು 2021ರ ಜೂನ್‌ನಿಂದ. ಈಗ ಪ್ರತಿ ಒಡವೆಗೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತದೆ. 916 ಎಂದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ, ಅಂದರೆ 22 ಕ್ಯಾರೆಟ್. ಲೋಹದ ಈ ಲೆಕ್ಕ ಎಲ್ಲ ದೇಶದಲ್ಲೂ ಒಂದೇ. ಅದನ್ನು ಯಾರು ಪರೀಕ್ಷಿಸಿ ಮುದ್ರೆ ಒತ್ತಬೇಕು ಎಂಬ ಕಾನೂನು ಮಾತ್ರ ದೇಶದಿಂದ ದೇಶಕ್ಕೆ ಬೇರೆ.

ಬ್ರಿಟನ್ನಿನಲ್ಲಿ 1973ರ ಹಾಲ್‌ಮಾರ್ಕಿಂಗ್ ಕಾಯ್ದೆ ಇದೆ. 1 ಗ್ರಾಂ ಮೀರಿದ ಚಿನ್ನ, 7.78 ಗ್ರಾಂ ಮೀರಿದ ಬೆಳ್ಳಿ, ಅರ್ಧ ಗ್ರಾಂ ಮೀರಿದ ಪ್ಲಾಟಿನಂ ವಸ್ತುವನ್ನು ಆ ಹೆಸರಿನಿಂದ ಮಾರಬೇಕಾದರೆ ಅಲ್ಲಿನ ಕಾನೂನು ಒಪ್ಪುವ ಮುದ್ರೆ ಇರಬೇಕು. ಲಂಡನ್, ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್, ಎಡಿನ್‌ಬರೋಗಳಲ್ಲಿ ಇದಕ್ಕಾಗಿ ಪರೀಕ್ಷಾ ಕಚೇರಿಗಳಿವೆ. ನಮ್ಮ ಬಿಐಎಸ್ ಮುದ್ರೆ ಆ ಜಾಗವನ್ನು ತುಂಬುವುದಿಲ್ಲ. ಅಲ್ಲಿನ ಅಂಗಡಿಗಳಿಗೆ ಸಗಟಾಗಿ ಕಳಿಸುವವರಿಗೆ ಇದು ನೇರವಾಗಿ ತಟ್ಟುತ್ತದೆ.

ಅಮೆರಿಕದ ದಾರಿ ಬೇರೆ. ಅಲ್ಲಿ ಸರ್ಕಾರಿ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಆದರೆ "14ಕೆ" ಎಂದು ಒತ್ತಿದರೆ ಅದರ ಜೊತೆ ಹೊಣೆ ಹೊರುವವರ ನೋಂದಾಯಿತ ಗುರುತೂ ಇರಬೇಕು. ಈ ನಿಯಮದ ಬೇರು 1906ರ ಕಾಯ್ದೆಯಲ್ಲಿದೆ. ಬರೀ ಲೇಪನ ಇರುವ ವಸ್ತುವನ್ನು "ಗೋಲ್ಡ್" ಎಂದಷ್ಟೇ ಕರೆದು ಮಾರುವುದು ಗ್ರಾಹಕರನ್ನು ದಾರಿ ತಪ್ಪಿಸಿದಂತೆ ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನಿನ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ "ಒಂದು ಗ್ರಾಂ ಚಿನ್ನದ ಸರ" ಎಂದರೆ ಎಲ್ಲರಿಗೂ ಅರ್ಥ ಗೊತ್ತು. ಆ ಮಾತನ್ನು ಹಾಗೇ ಇಂಗ್ಲಿಷಿಗೆ ಇಳಿಸಿದರೆ ತಪ್ಪು ವಿವರಣೆಯ ದೂರು ಖಚಿತ.

"ಕೃತಕ ಆಭರಣಕ್ಕೆ ಯಾವ ನಿಯಮವೂ ಇಲ್ಲ"

ನಿಜ ಇದಕ್ಕೆ ಬಹುತೇಕ ವಿರುದ್ಧ. ಅಗ್ಗದ ಆಭರಣದ ಲೋಹದಲ್ಲೇ ಆರೋಗ್ಯದ ಪ್ರಶ್ನೆಗಳು ಹೆಚ್ಚು.

ನಿಕ್ಕಲ್ ಇರುವ ಓಲೆ ಬೆವರಿಗೆ ತಾಗಿದಾಗ ನಿಕ್ಕಲ್ ಅಯಾನುಗಳು ಬಿಡುಗಡೆಯಾಗಿ ಚರ್ಮದೊಳಗೆ ಇಳಿಯುತ್ತವೆ. ಕೆಲವರ ರೋಗನಿರೋಧಕ ವ್ಯವಸ್ಥೆ ಇದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಮುಂದೆ ಪ್ರತಿ ಬಾರಿ ನಿಕ್ಕಲ್ ತಾಗಿದಾಗಲೂ ತುರಿಕೆ, ಕೆಂಪು, ಗುಳ್ಳೆ. ಅದಕ್ಕೇ ಐರೋಪ್ಯ ಒಕ್ಕೂಟ ಮಿತಿ ಇಟ್ಟಿದೆ: ಚರ್ಮಕ್ಕೆ ತಾಗಿಕೊಂಡಿರುವ ಆಭರಣದಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ, ಚುಚ್ಚಿದ ರಂಧ್ರಕ್ಕೆ ಹಾಕುವ ಕಡ್ಡಿಯಾದರೆ 0.2 ಮೈಕ್ರೋಗ್ರಾಂ. ಇದಕ್ಕಿಂತ ಹೆಚ್ಚು ನಿಕ್ಕಲ್ ಬಿಡುಗಡೆಯಾಗುವಂತಿಲ್ಲ.

ಸೀಸದ ಮಿತಿ ತೂಕದ ಶೇ. 0.05, ಕ್ಯಾಡ್ಮಿಯಂ ಶೇ. 0.01. ಮಕ್ಕಳು ಮಣಿಯನ್ನು ಬಾಯಿಗೆ ಹಾಕುತ್ತಾರೆ, ಸೀಸ ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ ಎಂಬುದು ಇದರ ಹಿಂದಿನ ಕಾರಣ. ಬಿದರಿ ಲೋಹ ಮುಖ್ಯವಾಗಿ ಸತು ಮತ್ತು ತಾಮ್ರದ ಮಿಶ್ರಣ. ಹಾಗಿದ್ದರೂ ತಂದ ಸತುವಿನಲ್ಲಿ, ಬೆಸುಗೆಯಲ್ಲಿ, ಬಣ್ಣದಲ್ಲಿ ಏನಿದೆ ಎಂಬುದನ್ನು ಕಣ್ಣಿನಿಂದ ಹೇಳಲಾಗದು. ಪ್ರಯೋಗಾಲಯದ ವರದಿಯೇ ಆಧಾರ.

"ಸಣ್ಣದೊಂದು ಹವಳ, ಯಾರು ನೋಡುತ್ತಾರೆ?"

2023ರಲ್ಲಿ ಕನ್ನಡದ ರಿಯಾಲಿಟಿ ಶೋ ಸ್ಪರ್ಧಿಯೊಬ್ಬರು ಹುಲಿ ಉಗುರಿನ ಪದಕ ಧರಿಸಿದ್ದಕ್ಕೆ ಬಂಧನಕ್ಕೊಳಗಾದ ಸುದ್ದಿ ರಾಜ್ಯದ ಮನೆ ಮನೆಯಲ್ಲೂ ಚರ್ಚೆಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಷ್ಟು ಕಟ್ಟುನಿಟ್ಟು ಎಂಬುದು ಅನೇಕರಿಗೆ ಆಗಲೇ ಗೊತ್ತಾದದ್ದು. ಹುಲಿ ಉಗುರು, ದಂತ, ಆಮೆ ಚಿಪ್ಪು, ಕೆಲವು ಜಾತಿಯ ಹವಳಗಳಿಗೆ ದೇಶದೊಳಗಿನ ಕಾನೂನಿನ ಜೊತೆಗೆ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವೂ ಅನ್ವಯಿಸುತ್ತದೆ. ನವಿಲುಗರಿಯ ಓಲೆ ಇಲ್ಲಿ ಜಾತ್ರೆಯಲ್ಲಿ ಸಿಗಬಹುದು. ಆದರೆ ಅದರ ರಫ್ತಿಗೆ ಅವಕಾಶವಿಲ್ಲ.

ಮಾತಿನ ಎಡವಟ್ಟೂ ತೊಂದರೆ ತರಬಲ್ಲದು. ಚನ್ನಪಟ್ಟಣದ ಮಣಿಗಳಿಗೆ ಬಳಸುವ ಆಲೆ ಮರಕ್ಕೆ ಇಂಗ್ಲಿಷಿನಲ್ಲಿ "ಐವರಿ ವುಡ್" ಎಂಬ ಹೆಸರಿದೆ. ಕಸ್ಟಮ್ಸ್ ಚೀಟಿಯಲ್ಲಿ "ಐವರಿ" ಎಂಬ ಪದ ಕಂಡರೆ ಅಧಿಕಾರಿ ಪೊಟ್ಟಣ ಬಿಚ್ಚಿ ನೋಡಿದರೆ ಆಶ್ಚರ್ಯವಿಲ್ಲ. ಮರದ ವೈಜ್ಞಾನಿಕ ಹೆಸರು ರೈಟಿಯಾ ಟಿಂಕ್ಟೋರಿಯಾ ಎಂದು ಬರೆಯುವುದು ಒಳ್ಳೆಯದು.

ವಜ್ರದ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. 2003ರಲ್ಲಿ ಜಾರಿಗೆ ಬಂದ ಕಿಂಬರ್ಲಿ ಪ್ರಕ್ರಿಯೆಯ ಪ್ರಮಾಣಪತ್ರ ಬೇಕಾಗುವುದು ಕತ್ತರಿಸದ ಕಚ್ಚಾ ವಜ್ರಕ್ಕೆ. ಸಿದ್ಧ ಒಡವೆಯಲ್ಲಿನ ಹೊಳಪು ಕೊಟ್ಟ ವಜ್ರಕ್ಕೆ ಅದಲ್ಲ. ಆದರೆ 2024ರಿಂದ ಯುರೋಪ್ ಮತ್ತು ಜಿ7 ದೇಶಗಳು ರಷ್ಯಾ ಮೂಲದ ವಜ್ರಗಳನ್ನು ತಡೆಯುತ್ತಿರುವುದರಿಂದ, ಹರಳು ಎಲ್ಲಿಂದ ಬಂತು ಎಂಬ ದಾಖಲೆ ಕೇಳಬಹುದು.

"ಗಿಫ್ಟ್ ಎಂದು ಬರೆದರೆ ಸುಂಕ ಉಳಿಯುತ್ತದೆ"

ಕೊಳ್ಳುವವರೇ ಎಷ್ಟೋ ಸಲ ಹೀಗೆ ಕೇಳುತ್ತಾರೆ. ಸುಂಕದ ಹೊರೆ ಹೆಚ್ಚಾದಾಗ ಈ ಒತ್ತಡವೂ ಹೆಚ್ಚುತ್ತದೆ. ಅಮೆರಿಕ 2025ರ ಆಗಸ್ಟ್ 27ರಂದು ಭಾರತದ ಬಹುತೇಕ ಸರಕಿನ ಮೇಲಿನ ಹೆಚ್ಚುವರಿ ಸುಂಕವನ್ನು ಶೇ. 50ಕ್ಕೆ ಏರಿಸಿತು. ಎರಡೇ ದಿನಕ್ಕೆ, 800 ಡಾಲರ್‌ವರೆಗಿನ ಪೊಟ್ಟಣಗಳಿಗಿದ್ದ ಸುಂಕ ವಿನಾಯಿತಿಯನ್ನೂ ತೆಗೆಯಿತು. ಆಮೇಲೂ ದರಗಳು ಬದಲಾಗುತ್ತಲೇ ಇರುವುದರಿಂದ ಕಳಿಸುವ ದಿನದ ದರ ನೋಡಿಯೇ ಬೆಲೆ ಹೇಳಬೇಕು. ಸುಂಕ ಯಾರು ಕಟ್ಟುವುದೆಂದು ಮೊದಲೇ ಬರೆದಿಡದಿದ್ದರೆ ಗ್ರಾಹಕರು ಬಾಗಿಲಲ್ಲೇ ಪೊಟ್ಟಣ ನಿರಾಕರಿಸಬಹುದು.

80,000 ರೂಪಾಯಿಯ ಓಲೆಗೆ 2,000 ಎಂದು ಬರೆದರೆ ಏನಾಗುತ್ತದೆ? ಕಳೆದುಹೋದರೆ ಘೋಷಿಸಿದ 2,000ಕ್ಕಿಂತ ಹೆಚ್ಚು ಕೇಳಲು ಆಧಾರವಿರುವುದಿಲ್ಲ. ಬ್ಯಾಂಕಿಗೆ 80,000 ಬಂದಿದೆ, ಕಾಗದದಲ್ಲಿ 2,000 ಇದೆ ಎಂದಾಗ ಲೆಕ್ಕ ತಾಳೆಯಾಗುವುದಿಲ್ಲ. ಸುಳ್ಳು ಘೋಷಣೆ ಎರಡೂ ದೇಶಗಳಲ್ಲಿ ಅಪರಾಧ. ಉಳಿದ ಸುಂಕ ಗ್ರಾಹಕರಿಗೆ, ಅಪಾಯ ಮಾರುವವರಿಗೆ.

"ಹಣ ಬಂದಿದೆ, ಇನ್ನು ಭಯವಿಲ್ಲ"

ಇಡೀ ವ್ಯಾಪಾರದಲ್ಲಿ ಹೆಚ್ಚು ನಷ್ಟ ತರುವ ನಂಬಿಕೆ ಇದೇ. ಕಾರ್ಡಿನಿಂದ ಬಂದ ಹಣ ಖಾತೆಗೆ ಬಿದ್ದ ಮೇಲೂ ಅಂತಿಮವಲ್ಲ. ಕಾರ್ಡುದಾರರು ತಮ್ಮ ಬ್ಯಾಂಕಿಗೆ "ಈ ಖರೀದಿ ನಾನು ಮಾಡಿಲ್ಲ", "ವಸ್ತು ಬಂದಿಲ್ಲ" ಅಥವಾ "ಹೇಳಿದಂತಿಲ್ಲ" ಎಂದು ದೂರು ಕೊಡಬಹುದು. ಇದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ. ಸಾಮಾನ್ಯವಾಗಿ 120 ದಿನಗಳವರೆಗೂ ಇದಕ್ಕೆ ಅವಕಾಶವಿರುತ್ತದೆ. ದೂರು ದಾಖಲಾದರೆ ಗೇಟ್‌ವೇ ಆ ಮೊತ್ತವನ್ನು ಮಾರಾಟಗಾರರಿಂದ ಹಿಂಪಡೆಯುತ್ತದೆ, ಮೇಲೆ ಶುಲ್ಕವನ್ನೂ ಹಾಕುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ಲೆಕ್ಕ ಹಾಕಿ ನೋಡೋಣ. 80,000ದ ಓಲೆಯಲ್ಲಿ ಲಾಭ ಶೇ. 10, ಅಂದರೆ 8,000 ಎಂದುಕೊಳ್ಳಿ. ಒಂದು ಚಾರ್ಜ್‌ಬ್ಯಾಕ್ ಸೋತು ಓಲೆಯೂ ವಾಪಸ್ ಬರದಿದ್ದರೆ ಹೋಗುವುದು 72,000 ರೂಪಾಯಿಯ ಅಸಲು. ಅದನ್ನು ತುಂಬಲು ಅಂಥದ್ದೇ ಒಂಬತ್ತು ಓಲೆಗಳ ಲಾಭ ಬೇಕು. ಬಟ್ಟೆ ಮಾರುವವರು ತಡೆದುಕೊಳ್ಳಬಹುದಾದ ಪೆಟ್ಟು ಒಡವೆಯವರಿಗೆ ಅಂಗಡಿ ಮುಚ್ಚಿಸಬಲ್ಲದು.

ಇದರ ಮುಂದಿನ ಕೊಂಡಿಯನ್ನು ಅನೇಕರು ಗಮನಿಸುವುದಿಲ್ಲ. ರಫ್ತಿನ ಹಣ ನಿಗದಿತ ಅವಧಿಯೊಳಗೆ ಭಾರತಕ್ಕೆ ಬರಬೇಕೆಂದು ಫೆಮಾ ನಿಯಮ ಹೇಳುತ್ತದೆ. ಬಹುಕಾಲ ಈ ಅವಧಿ ಒಂಬತ್ತು ತಿಂಗಳಿತ್ತು, 2025ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು 15 ತಿಂಗಳಿಗೆ ಏರಿಸಿತು. ಪ್ರತಿ ಶಿಪ್ಪಿಂಗ್ ಬಿಲ್‌ಗೂ ಬಂದ ಹಣವನ್ನು ಬ್ಯಾಂಕು ಹೊಂದಿಸುತ್ತದೆ. ಚಾರ್ಜ್‌ಬ್ಯಾಕ್‌ನಲ್ಲಿ ಹಣ ವಾಪಸ್ ಹೋದರೆ ಆ ರಫ್ತು ಪುಸ್ತಕದಲ್ಲಿ ಬಾಕಿಯಾಗಿ ಉಳಿಯುತ್ತದೆ. ಆಗ ಕಳೆದುಕೊಂಡ ಹಣಕ್ಕೂ ವಿವರಣೆ ಕೊಡಬೇಕಾದವರು ಮಾರಿದವರೇ. ಹಾಗಾಗಿ ದೂರಿನ ಪತ್ರ, ಗೇಟ್‌ವೇ ಸಂದೇಶ, ತಲುಪಿಸಿದ ದಾಖಲೆ ಎಲ್ಲವನ್ನೂ ಬ್ಯಾಂಕಿಗೆ ಆಗಲೇ ಕೊಟ್ಟಿಡಬೇಕು. ಇದೇ ಕಾರಣಕ್ಕೆ "ನಮ್ಮ ಪರಿಚಯದವರು ಇಲ್ಲೇ ನಗದು ಕೊಡುತ್ತಾರೆ" ಎಂಬ ಮಾತಿಗೂ ಒಪ್ಪಬಾರದು. ಅದು ಹವಾಲಾ.

ವಂಚಕರ ಕೆಲವು ಹಳೆಯ ಪಟ್ಟುಗಳು

ಬೆಲೆ ಕೇಳದೆ ಅತಿ ದುಬಾರಿ ಒಡವೆಯನ್ನೇ ಆರಿಸಿ "ಇವತ್ತೇ ಕಳಿಸಿ" ಎನ್ನುವುದು ಒಂದು. ಕಾರ್ಡಿನ ವಿಳಾಸ ಒಂದು ದೇಶದ್ದು, ತಲುಪಿಸುವ ವಿಳಾಸ ಇನ್ನೊಂದು ದೇಶದ ಸರಕು ಸಾಗಣೆ ಗೋದಾಮಿನದು ಎಂಬುದು ಮತ್ತೊಂದು. "ತಪ್ಪಿ ಹೆಚ್ಚು ಹಣ ಹಾಕಿದ್ದೇನೆ, ಉಳಿದದ್ದನ್ನು ಈ ಖಾತೆಗೆ ಕಳಿಸಿ" ಎಂದರೆ ಮೊದಲ ಪಾವತಿ ಕದ್ದ ಕಾರ್ಡಿನದೋ ಬೌನ್ಸ್ ಆಗುವ ಚೆಕ್ಕೋ ಆಗಿರಬಹುದು. ಹಣ ಬಂದಿದೆ ಎಂಬ ನಕಲಿ ಇಮೇಲ್, ಹಳೆಯ ಗ್ರಾಹಕರ ಹೆಸರಿನಲ್ಲೇ "ವಿಳಾಸ ಬದಲಾಗಿದೆ" ಎಂಬ ಸಂದೇಶ, ವಾಪಸ್ ಬಂದ ಡಬ್ಬಿಯಲ್ಲಿ ಅಸಲಿ ಹರಳಿನ ಬದಲು ಗಾಜು, ಇವೂ ಪಟ್ಟಿಯಲ್ಲಿವೆ.

ಹಾಗಾದರೆ ಏನು ಮಾಡಬೇಕು?

ಹಣ ಬಂದದ್ದನ್ನು ಇಮೇಲಿನಲ್ಲಲ್ಲ, ಖಾತೆಯೊಳಗೆ ಹೋಗಿ ನೋಡಬೇಕು. ದೊಡ್ಡ ಮೊತ್ತವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ಮುಂಗಡವಾಗಿ ಪಡೆಯುವುದು ಕಾರ್ಡಿಗಿಂತ ಸುರಕ್ಷಿತ. ಸಗಟು ವ್ಯಾಪಾರದಲ್ಲಿ ಸಾಲ ಕೊಡಲೇಬೇಕಾದರೆ ಲೆಟರ್ ಆಫ್ ಕ್ರೆಡಿಟ್ ಇದೆ, 1957ರಿಂದ ಇರುವ ಸರ್ಕಾರಿ ಸಂಸ್ಥೆ ಇಸಿಜಿಸಿಯ ರಫ್ತು ವಿಮೆಯೂ ಇದೆ. ಕಾರ್ಡಿನ ವಹಿವಾಟಾದರೆ ರಿಸರ್ವ್ ಬ್ಯಾಂಕ್ ಅನುಮತಿಯಿರುವ ಗೇಟ್‌ವೇ ಮೂಲಕವೇ ನಡೆಯಲಿ. ಪೂರ್ಣ ಮೌಲ್ಯದ ವಿಮೆ ಮತ್ತು ಸಹಿ ಪಡೆದು ತಲುಪಿಸುವ ವ್ಯವಸ್ಥೆ ಇರಲಿ. ಪೇಪಾಲ್ ತನ್ನ ಮಾರಾಟಗಾರರ ರಕ್ಷಣೆಗೆ 750 ಡಾಲರ್ ಮತ್ತು ಮೇಲಿನ ವಹಿವಾಟಿನಲ್ಲಿ ಸಹಿಯ ಪುರಾವೆ ಕೇಳುತ್ತದೆ. ಬೇರೆ ಕಡೆಯೂ ಅದು ಉತ್ತಮ ಸಾಕ್ಷಿ.

ಪ್ಯಾಕ್ ಮಾಡುವಾಗ ತಕ್ಕಡಿಯ ಮೇಲಿನ ತೂಕ, ಮುದ್ರೆ, ಹರಳು ಕಾಣುವಂತೆ ಒಂದೇ ಓಟದ ವಿಡಿಯೊ ತೆಗೆದಿಡಿ. ಲೋಹ, ಕ್ಯಾರೆಟ್, ತೂಕ, ಲೇಪನ, ಹರಳು ಸಹಜವೋ ಪ್ರಯೋಗಾಲಯದ್ದೋ ಎಂಬುದನ್ನು ಇನ್‌ವಾಯ್ಸ್‌ನಲ್ಲಿ ಬಿಡಿಸಿ ಬರೆಯಿರಿ. "ಹೇಳಿದಂತಿಲ್ಲ" ಎಂಬ ದೂರು ಬಂದಾಗ ಹೇಳಿದ್ದೇನು ಎಂಬುದಕ್ಕೆ ಅದೇ ಉತ್ತರ. ಅದೇ ವಸ್ತುವೇ ಮರಳಿ ಬಂದಿದೆ ಎಂದು ನಮ್ಮ ಕಸ್ಟಮ್ಸ್‌ಗೆ ತೋರಿಸಿ ಆಮದು ಸುಂಕದ ರಿಯಾಯಿತಿ ಕೇಳಲೂ ಅದೇ ಕಾಗದ ಬೇಕು.

ಮೊದಲ ಬಾರಿಗೆ ಕಳಿಸುವವರು ಒಂದೇ ದೇಶವನ್ನು ಆರಿಸಿಕೊಂಡು, ಅಲ್ಲಿನ ಮುದ್ರೆ, ಲೋಹದ ಮಿತಿ ಮತ್ತು ಸುಂಕವನ್ನು ತಿಳಿದು, ನಷ್ಟವಾದರೂ ತಡೆದುಕೊಳ್ಳಬಹುದಾದ ಬೆಲೆಯ ವಸ್ತುವಿನಿಂದ ಶುರು ಮಾಡುವುದು ಮೇಲು. ಮತ್ತು ಆ ಮೊದಲ ಹಣವನ್ನು 120 ದಿನ ಕಳೆಯುವವರೆಗೆ ಪೂರ್ತಿ ನಿಮ್ಮದೆಂದು ಎಣಿಸಬೇಡಿ.